ಎರಡು ಮಳೆಗಾಲ ಉರಿಸಿದ ಜೇನುಮೇಣದ ಬತ್ತಿ

ಶಿರಸಿ ಕಡೆಯ ನಮ್ಮೂರಿನಲ್ಲಿ ಜೂನ್ ಬಂತೆಂದರೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಅಂಗಡಿಯ ಬಿಳಿ ಪ್ಯಾರಾಫಿನ್ ಬತ್ತಿ ಹಚ್ಚಿ ಹಚ್ಚಿ ದೇವರ ಕೋಣೆಯ ಗೋಡೆಗೆ ಮಸಿ ಹಿಡಿದಿತ್ತು. ಹಾಗಾಗಿ ಜೇನುಮೇಣದ ಬತ್ತಿ ತಂದೆ. ಮೂರು ಇಂಚು ದಪ್ಪ, ಆರು ಇಂಚು ಎತ್ತರ. ಬೆಲೆ ಜಾಸ್ತಿ, ನಿಜ. ಆದರೂ ಈಗ ಬೇರೆಯದು ಬೇಡ ಅನಿಸಿದೆ.

ಮೊದಲ ಬತ್ತಿ ಮಾತ್ರ ಹಾಳಾಯಿತು. ಹತ್ತು ನಿಮಿಷ ಹಚ್ಚುವುದು, ಕರೆಂಟು ಬಂದ ತಕ್ಷಣ ಆರಿಸುವುದು, ಹೀಗೇ ಮಾಡಿದೆ. ನಡುವೆ ಬಾವಿಯಂತೆ ಗುಂಡಿ ಬಿದ್ದು, ಉರಿಯುವ ದಾರ ಅದರೊಳಗೇ ಮುಳುಗಿತು. ಜೇನುಮೇಣ ಕರಗಲು ಸುಮಾರು 62ರಿಂದ 64 ಡಿಗ್ರಿ ಬಿಸಿ ಬೇಕು. ಅಂಚಿನವರೆಗೆ ಕರಗಲು ಹೊತ್ತು ಹಿಡಿಯುತ್ತದೆ. ಮೂರು ಇಂಚಿನದಾದರೆ ಮೊದಲ ಸಲ ಮೂರು ತಾಸಾದರೂ ಉರಿಯಲು ಬಿಡಿ. ಆರಿಸಿದ ಮೇಲೆ, ಅಂಚು ಇನ್ನೂ ಬೆಚ್ಚಗಿರುವಾಗಲೇ ಹೆಬ್ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಚಪಾತಿ ಹಿಟ್ಟಿನ ಹಾಗೆ ಬಗ್ಗುತ್ತದೆ, ಕೈಗೆಲ್ಲ ಜೇನಿನ ಪರಿಮಳ.

ಇನ್ನೊಂದು ಮಾತು ದಾರದ ಬಗ್ಗೆ. ಪ್ರತಿ ಸಲ ಹಚ್ಚುವ ಮೊದಲು ಕಾಲು ಇಂಚಿನಷ್ಟು ಉಳಿಸಿ ಕತ್ತರಿಸಿ. ಉದ್ದ ಬಿಟ್ಟರೆ ಜೇನುಮೇಣವೂ ಹೊಗೆಯಾಡುತ್ತದೆ. ಇದಕ್ಕೆಂದೇ ಬಾಗಿದ ಕತ್ತರಿ ಸಿಗುತ್ತದೆ, ಆದರೆ ಉಗುರು ಕತ್ತರಿ ಸಾಕು. ಊದಿ ಆರಿಸಬೇಡಿ. ಕಡ್ಡಿಯಿಂದ ದಾರವನ್ನು ಕರಗಿದ ಮೇಣದಲ್ಲಿ ಅದ್ದಿ, ಮತ್ತೆ ನೇರ ನಿಲ್ಲಿಸಿ. ಹೊಗೆಯೇ ಏಳುವುದಿಲ್ಲ.

ಕೆಲವು ತಿಂಗಳಿಗೆ ಬತ್ತಿಯ ಮೈಮೇಲೆ ಬಿಳಿ ಪುಡಿ ಕಂಡಿತು, ದ್ರಾಕ್ಷಿ ಮೇಲಿರುತ್ತದಲ್ವಾ, ಹಾಗೆ. ಅಮ್ಮ ಬೂಷ್ಟು ಹಿಡಿಯಿತು ಅಂದರು. ಅದು ಬೂಷ್ಟಲ್ಲ, ಜೇನುಮೇಣದ ಸಹಜ ಗುಣ. ಹಳೇ ಪಂಚೆಯ ತುಂಡಿನಿಂದ ಒರೆಸಿದರೆ ಹೊಳಪು ವಾಪಸ್.

ಕಳೆದ ವರ್ಷ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ನಾಲ್ಕು ತರಿಸಿ ಬೇಸರಪಟ್ಟೆ. 'ಶುದ್ಧ' ಎಂದು ಬರೆದಿತ್ತು. ಮೂಗಿಗೆ ಹೊಡೆಯುವ ಸೆಂಟಿನ ವಾಸನೆ, ಆರಿಸಿದರೆ ಅದೇ ಹಳೇ ಪ್ಯಾರಾಫಿನ್ ಹೊಗೆ. ಅಂದಿನಿಂದ ತುಡುವೆ ಜೇನು ಸಾಕುವ ಪರಿಚಯದವರಿಂದಲೇ ಮೇಣ ತರುತ್ತೇನೆ, ಬತ್ತಿ ಮನೆಯಲ್ಲೇ ಎರೆಯುತ್ತೇನೆ.

ಉಳಿದ ತುಂಡನ್ನು ಎಸೆಯಬೇಡಿ. ಮಳೆಗೆ ಉಬ್ಬಿ ಬಿಗಿಯಾಗುವ ನಮ್ಮ ಮರದ ಮೇಜಿನ ಡ್ರಾಯರಿನ ಅಂಚಿಗೆ ಜುಲೈನಲ್ಲಿ ಒಮ್ಮೆ ಉಜ್ಜಿದ್ದೆ. ಈಗಲೂ ಒಂದೇ ಬೆರಳಿಗೆ ಜಾರಿ ಬರುತ್ತದೆ.