ಬೀಥೋವನ್‌ನ ಒಂಬತ್ತನೇ ಸಿಂಫನಿ: ಮೂರು ಧ್ವನಿಮುದ್ರಿಕೆಗಳಲ್ಲಿ ಯಾವುದನ್ನು ಮೊದಲು ಕೇಳಬೇಕು?

1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲು ನುಡಿಸಿದ, ನಾಲ್ಕು ಭಾಗಗಳ ಈ ವಾದ್ಯವೃಂದ ಕೃತಿಯ ಕೊನೆಯ ಭಾಗದ ಆನಂದಗೀತೆ ಬಹಳ ಸರಳ. ನಮ್ಮ ಸ್ವರಗಳಲ್ಲಿ ಹಾಡಿಕೊಳ್ಳಿ: ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ. ಎಲ್ಲವೂ ಶಂಕರಾಭರಣದ ಸ್ವರಗಳೇ. ಮೂರನೇ ಸಾಲು ಮಂದ್ರ ಪಂಚಮ ಮುಟ್ಟಿದ ಕೂಡಲೇ ನಾಲ್ಕನೆಯದರ ಗಾಂಧಾರ ಒಂದು ಎಣಿಕೆ ಮೊದಲೇ ಎದ್ದುಬಿಡುತ್ತದೆ. ಹಾಡಿನ ಜೀವ ಆ ಆತುರದಲ್ಲೇ ಇದೆ. ಸಿಂಫನಿ ಶುರುವಾಗುವುದು ಮಾತ್ರ ಬರೀ ಒಂದು ಸ್ವರ ಮತ್ತು ಅದರ ಪಂಚಮದಿಂದ. ನಡುವೆ ಗಾಂಧಾರವೇ ಇಲ್ಲ, ಹಾಗಾಗಿ ಸುಖವೋ ದುಃಖವೋ ತಿಳಿಯದು. ಅಲ್ಲಿಂದ ಈ ಹಾಡಿನ ತನಕ ಮುಕ್ಕಾಲು ಗಂಟೆಯ ದಾರಿ. ಆ ದಾರಿಯನ್ನು ಯಾರು ಹೇಗೆ ಸವೆಸುತ್ತಾರೆ ಎಂಬುದೇ ನನ್ನ ಅಳತೆಗೋಲು.

ಮೊದಲ ಸಲಕ್ಕೆ ಕಾರಾಯಾನ್ ನಿರ್ದೇಶನದ ಮುದ್ರಣ, 1962, ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದ. ಸುಮಾರು 67 ನಿಮಿಷ. ಸ್ಟೀರಿಯೋ ಮುದ್ರಣ ಸ್ವಚ್ಛ, ಗುಂಡುಲಾ ಯಾನೋವಿಟ್ಸ್ ಅವರ ಸೊಪ್ರಾನೋ (ಹೆಣ್ಣುದನಿಗಳಲ್ಲಿ ಅತಿ ಎತ್ತರದ್ದು) ತಾರಸ್ಥಾಯಿಯಲ್ಲೂ ತೊಳೆದಂತಿದೆ. ಕೊರತೆ ಒಂದೇ: ಎಲ್ಲವೂ ಎಷ್ಟು ಭದ್ರವೆಂದರೆ, ಮುಂದೇನಾಗುತ್ತದೋ ಎಂಬ ಅಳುಕು ಹುಟ್ಟುವುದಿಲ್ಲ.

ಆ ಅಳುಕು ಬೇಕಾದವರಿಗೆ ಇನ್ನೊಬ್ಬ ನಿರ್ದೇಶಕ ಫುರ್ಟ್‌ವೆಂಗ್ಲರ್, 1951ರ ಜುಲೈ 29, ಜರ್ಮನಿಯ ಬೈರಾಯ್ಟ್‌ನ ಕಚೇರಿ. ಮಾನೋ (ಸ್ಟೀರಿಯೋ ಅಲ್ಲದ ಒಂಟಿ ವಾಹಿನಿಯ) ಮುದ್ರಣ, ಸಭೆಯ ಕೆಮ್ಮೂ ಕೇಳುತ್ತದೆ, ಕೋರಸ್ ಮಸುಕು. ಆದರೆ ಕೊನೆಯ ಭಾಗದ 92ನೇ ಬಾರ್‌ಗೆ (ನಮ್ಮ ತಾಳದ ಆವರ್ತದಂಥ ಅಳತೆ) ಕಾಯಿರಿ. ತಗ್ಗು ದನಿಯ ತಂತಿವಾದ್ಯಗಳಾದ ಚೆಲ್ಲೋ, ಡಬಲ್ ಬಾಸ್‌ಗಳಷ್ಟೇ, ಬೇರೆ ವಾದ್ಯದ ಆಸರೆಯಿಲ್ಲದೆ ಹಾಡನ್ನು ಎತ್ತಿಕೊಳ್ಳುವ ಜಾಗ ಅದು. ದೀರ್ಘ ಮೌನ ಕೊಟ್ಟು, ಅದು ಎಲ್ಲಿ ಶುರುವಾಯಿತೆಂದೇ ಗೊತ್ತಾಗದಷ್ಟು ಮೆಲ್ಲಗೆ ಬಿಡಿಸುತ್ತಾರೆ. 330ನೇ ಬಾರ್‌ನಲ್ಲಿ ಕೋರಸ್ 'ದೇವರ ಮುಂದೆ' ಎಂದು ನಿಂತಾಗ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಎ ಮೇಜರ್‌ನಿಂದ ಎಫ್ ಮೇಜರ್‌ಗೆ ಜಿಗಿಯುತ್ತದೆ, ನೆಲವೇ ಸರಿದಂತೆ. ಅದನ್ನವರು ಉಸಿರು ಕಟ್ಟುವಷ್ಟು ಎಳೆಯುತ್ತಾರೆ. ಕಟ್ಟಕಡೆಯ ಪ್ರೆಸ್ಟಿಸ್ಸಿಮೋದಲ್ಲಿ, ಅಂದರೆ ಅತಿವೇಗದ ತುಣುಕಿನಲ್ಲಿ, ವೇಗ ಹದ ಮೀರಿ ವಾದ್ಯಗಳು ಜೊತೆ ತಪ್ಪುತ್ತವೆ. ತಪ್ಪು ತಪ್ಪೇ, ಆದರೂ ನನಗೆ ಅಲ್ಲಿ ರೋಮಾಂಚನವಾಗುತ್ತದೆ.

ಮೂರನೆಯ ಮುದ್ರಣದ ನಿರ್ದೇಶಕ ಗಾರ್ಡಿನರ್ ಬಳಸುವುದು ಬೀಥೋವನ್ ಕಾಲದ ಮಾದರಿಯ ವಾದ್ಯಗಳನ್ನು. ಒಟ್ಟು ಒಂದು ಗಂಟೆಯ ಆಸುಪಾಸು. ಬೀಥೋವನ್ನೇ ಬರೆದಿಟ್ಟ ಮೆಟ್ರೊನೋಮ್ ಗುರುತುಗಳ (ವೇಗದ ಸೂಚನೆಗಳ) ಹತ್ತಿರವೇ ನಡೆಯುತ್ತಾರೆ. ಮೂರನೇ ಭಾಗ ಇಲ್ಲಿ 12 ನಿಮಿಷ, ಫುರ್ಟ್‌ವೆಂಗ್ಲರ್‌ರಲ್ಲಿ 19 ದಾಟುತ್ತದೆ. ಅಲ್ಲಿ ಪ್ರಾರ್ಥನೆ, ಇಲ್ಲಿ ಸಂಜೆಯ ಹಾಡು. ನನ್ನ ಮನಸ್ಸು ಪ್ರಾರ್ಥನೆಯ ಕಡೆಗೇ. ಆದರೆ ಕೊನೆಯ ಭಾಗದ ಜೋಡಿ ಫ್ಯೂಗ್‌ನಲ್ಲಿ (ಎರಡು ರಾಗಎಳೆಗಳು ಒಂದನ್ನೊಂದು ಬೆನ್ನಟ್ಟುವ ಹೆಣಿಗೆ) ಕೋರಸ್‌ನ ನಾಲ್ಕೂ ಎಳೆ ಬಿಡಿಬಿಡಿಯಾಗಿ ಕೇಳುವುದು ಇಲ್ಲೇ. ಸೊಪ್ರಾನೋಗಳು ಮೇಲಿನ 'ಎ' ಸ್ವರವನ್ನು ಬಾರ್ ಮೇಲೆ ಬಾರ್ ಹಿಡಿದು ನಿಲ್ಲುವಾಗಲೂ ಒದರಾಟವಿಲ್ಲ.

ಯಾವುದನ್ನು ಆರಿಸಿದರೂ ಮೊಬೈಲ್ ಸ್ಪೀಕರ್ ಬೇಡ. 92ನೇ ಬಾರ್‌ನ ತಗ್ಗಿನ ಸ್ವರಗಳು ಅದರಲ್ಲಿ ಹೊರಡುವುದೇ ಇಲ್ಲ. ಹೆಡ್‌ಫೋನ್ ಹಾಕಿ, ಆರಂಭದ ಗುನುಗು ಸ್ಪಷ್ಟವಾಗುವಲ್ಲಿಗೆ ವಾಲ್ಯೂಮ್ ನಿಲ್ಲಿಸಿ. ಅಬ್ಬರಕ್ಕೆ ಹೊಂದಿಸಿದರೆ ಮೆಲುದನಿ ಕಳೆದುಹೋಗುತ್ತದೆ. ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಟ್ರ್ಯಾಕ್ ಮತ್ತೊಂದರೊಳಗೆ ಬೆರೆಯುವುದು) ಆಫ್ ಮಾಡಿ, ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದ ನುಡಿಸಿಕೆ) ಆನ್ ಮಾಡಿ: ಕೆಲವು ಆಲ್ಬಂಗಳಲ್ಲಿ ಕೊನೆಯ ಭಾಗ ಎರಡು ಟ್ರ್ಯಾಕ್‌ಗಳಾಗಿ ಒಡೆದಿರುತ್ತದೆ, 'ಗೆಳೆಯರೇ, ಈ ನಾದ ಬೇಡ' ಎಂದು ಗಾಯಕ ಎದ್ದೇಳುವ ಹೊತ್ತಿಗೇ ಕತ್ತರಿ ಬೀಳುತ್ತದೆ. ಇಸವಿಯನ್ನೂ ನೋಡಿಕೊಳ್ಳಿ. ಕಾರಾಯಾನ್ ಇದನ್ನು ಮತ್ತೆ ಮತ್ತೆ ಮುದ್ರಿಸಿದ್ದಾರೆ, ಫುರ್ಟ್‌ವೆಂಗ್ಲರ್‌ರ 1942 ಮತ್ತು 1954ರ ಕಚೇರಿಗಳೂ ಸಿಗುತ್ತವೆ.