ಹಳೆ ವಾಷಿಂಗ್ ಮಷೀನ್: ಸೆಮಿ ಆಟೊಮ್ಯಾಟಿಕ್ಕೋ, ಫ್ರಂಟ್ ಲೋಡೋ?

ಹಳೆ ಮಷೀನ್ ತಂದು ರಿಪೇರಿ ಮಾಡುವ ಹುಚ್ಚು ನಿಮಗೂ ಹಿಡಿದಿದೆಯಾ? ಹುಬ್ಬಳ್ಳಿಯಲ್ಲಿದ್ದರೆ ಮೊದಲು ಸೆಮಿ ಆಟೊಮ್ಯಾಟಿಕ್ ತಗೊಳ್ಳಿ. ಒಗೆಯಲು ಒಂದು ಮೋಟಾರು, ಹಿಂಡಲು ಇನ್ನೊಂದು. ಒಂದು ಕೆಟ್ಟರೂ ಮತ್ತೊಂದು ತಿರುಗುತ್ತದೆ. ಮೋಟಾರು ಬರೀ ಗುಂಯ್ ಅಂದರೆ ಹೆಚ್ಚಾಗಿ ಕೆಪಾಸಿಟರ್ (ಕರೆಂಟು ಹಿಡಿದಿಟ್ಟು ಮೋಟಾರು ತಿರುಗಲು ನೆರವಾಗುವ ಭಾಗ) ಹೋಗಿರುತ್ತದೆ. ಅದನ್ನು ಮುಟ್ಟುವ ಮೊದಲು ಪ್ಲಗ್ ಕಿತ್ತು, ಚಾರ್ಜ್ ಇಳಿಸಿ. ಮೋಟಾರು ತಿರುಗಿಯೂ ಬಟ್ಟೆ ತಿರುಗದಿದ್ದರೆ ಬೆಲ್ಟ್ ನೋಡಿ. ನಲ್ಲಿ ನೀರು ಬಾರದ ದಿನ ಬಕೆಟ್‌ನಿಂದ ಸುರಿದರಾಯ್ತು. ಇಲ್ಲಿ ಅದೇ ದೊಡ್ಡ ಲಾಭ, ಅಲ್ವಾ?

ಫ್ರಂಟ್ ಲೋಡ್ ಬಟ್ಟೆಗೆ ಮೆತ್ತಗೆ, ನೀರೂ ಕಡಿಮೆ ಸಾಕು. ಆದರೆ ಬೇರಿಂಗ್ ಬದಲಿಸಲು ಇಡೀ ಟಬ್ ಬಿಚ್ಚಬೇಕು. ಕೆಲವದರಲ್ಲಿ ಟಬ್ ಅಂಟಿಸಿಯೇ ಇರುತ್ತದೆ. ಬೋರ್‌ವೆಲ್ ನೀರಾದರೆ ಹೀಟರಿಗೆ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ.

ಡ್ರೈಯರ್? ನಮ್ಮ ಬಿಸಿಲಿಗೆ ಸುಮ್ನೆ ಶೋಕಿ. ಧಾರವಾಡದ ಜಿಟಿಜಿಟಿ ಮಳೆ ಶುರುವಾದಾಗ ಮಾತ್ರ ನನಗೂ ಆಸೆಯಾಗುತ್ತದೆ.