20 ಟನ್ ಬಾಟಲ್ ಜಾಕ್: ಲಾರಿ ಪಾಟಾ ಪಿನ್ ಬಿಚ್ಚಲು ಸಾಕಾಗುತ್ತದೆಯೇ?

ಪಾಟಾವನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಹಿಡಿದಿಡುವ ಪಿನ್ ತೆಗೆಯಲು ಸಾಮಾನ್ಯವಾಗಿ ಸಾಕಾಗುತ್ತದೆ, ಪಿನ್ ಪುಲ್ಲರ್ (ಪಿನ್ ಎಳೆಯುವ ಉಪಕರಣ) ಬೇಕಿಲ್ಲ. ಆದರೆ ಬರೀ ಜಾಕ್ ತಂದರೆ ಕೆಲಸ ಆಗುವುದಿಲ್ಲ.

ಮುಧೋಳ, ಜಮಖಂಡಿ ಕಡೆ ಕಬ್ಬು ಹೊರುವ ಗಾಡಿಗಳಲ್ಲಿ ಎರೆಮಣ್ಣಿನ ಕೆಸರು ನಿಪ್ಪಲ್ (ಗ್ರೀಸ್ ತುಂಬುವ ಬಾಯಿ) ಮುಚ್ಚಿ, ಗ್ರೀಸ್ ಪಿನ್ ಸುತ್ತಲಿನ ಬುಷ್‌ವರೆಗೆ ತಲುಪುವುದೇ ಇಲ್ಲ. ಪಿನ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಘನದಿಂದ (ದೊಡ್ಡ ಸುತ್ತಿಗೆ) ಬಡಿದರೆ ಪಿನ್ನಿನ ತಲೆ ಅಣಬೆಯಂತೆ ಅರಳಿ ಇನ್ನಷ್ಟು ಬಿಗಿಯಾಗುತ್ತದೆ. ಜಾಕ್ ನೇರವಾಗಿ ಒತ್ತುವುದರಿಂದ ಈ ತೊಂದರೆ ಇಲ್ಲ.

ಜೊತೆಗೆ ಬೇಕಾದದ್ದು: 40 ಮಿ.ಮೀ. ದಪ್ಪದ ಎರಡು ಪ್ಲೇಟು, 24 ಮಿ.ಮೀ. ಚೂಡಿಯ (ಥ್ರೆಡ್) ಎರಡು ರಾಡು (8.8 ಗ್ರೇಡ್), ಪಿನ್‌ಗಿಂತ ಅಗಲ ಒಳಬಾಯಿಯ ದಪ್ಪ ಪೈಪು, ಪಿನ್‌ಗಿಂತ ತುಸು ಸಣ್ಣ ಗುಂಡು ಸರಳು. ಬೆಳಗಾವಿಯ ಉದ್ಯಮಬಾಗದ ಲೇಥ್ ಅಂಗಡಿಗಳಲ್ಲಿ ಮಾಡಿಸಬಹುದು. ತೆಳು ಪ್ಲೇಟು ಬಾಗಿ ಜಾಕ್ ಜಾರುತ್ತದೆ, ಇಲ್ಲಿ ಉಳಿತಾಯ ಬೇಡ.

ಚಾಸಿ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಟ್ಟು, ಆಕ್ಸಲ್‌ಗೆ ಇನ್ನೊಂದು ಜಾಕ್ ಇಡಿ. ಪಾಟಾದ ಮೇಲೆ ಭಾರ ಇದ್ದರೆ ಪಿನ್ ಹೊರಡದು. ಆಕ್ಸಲ್ ಜಾಕ್ ಸ್ವಲ್ಪ ಸ್ವಲ್ಪ ಏರಿಸಿ ಇಳಿಸಿ, ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ) ಸಡಿಲಾಗುವ ಜಾಗ ಹುಡುಕಿ. ನಿಪ್ಪಲ್ ತೆಗೆಯಿರಿ. ಪಿನ್ ಹಿಡಿಯುವ ಅಡ್ಡ ಬೋಲ್ಟ್ ಇದ್ದರೆ ಪೂರಾ ಹೊರಗೆಳೆಯಿರಿ; ಅದು ಪಿನ್ನಿನ ಕಚ್ಚಿನಲ್ಲೇ ಕೂತಿರುವುದರಿಂದ ಸಡಿಲಿಸಿದರೆ ಸಾಲದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು.

ಪಿನ್ ಅಡ್ಡಲಾಗಿ ಇರುವುದರಿಂದ ಜಾಕ್‌ನೂ ಮಲಗಿಸಬೇಕು. ಬ್ರಾಕೆಟ್ಟಿನ (ಪಿನ್ ಕೂತಿರುವ ಕೊಂಡಿ) ಒಂದು ಬದಿ ಪೈಪು, ಅದಕ್ಕೊಂದು ಪ್ಲೇಟು; ಎದುರು ಬದಿ ಸರಳು, ಜಾಕ್, ಇನ್ನೊಂದು ಪ್ಲೇಟು; ಎರಡೂ ಪ್ಲೇಟುಗಳನ್ನು ರಾಡುಗಳಿಂದ ಬಿಗಿಯಿರಿ. ಜಾಕ್ ಒತ್ತಿದಾಗ ಪಿನ್ ಪೈಪಿನೊಳಗೆ ಹೊರಬರುತ್ತದೆ. ಪಂಪ್ ಇರುವ ಬದಿ ಕೆಳಗೆ ಬರಲಿ, ಇಲ್ಲವಾದರೆ ಎಣ್ಣೆಯ ಬದಲು ಗಾಳಿ ಎಳೆದುಕೊಂಡು ಒತ್ತಡವೇ ಹುಟ್ಟುವುದಿಲ್ಲ. ಜಾಕ್‌ನ ಮೇಲಿನ ಸ್ಕ್ರೂ ಉದ್ದ ಮಾಡಬೇಡಿ, ಬಾಗುತ್ತದೆ. ಒತ್ತಡ ಏರಿದ ಮೇಲೆ ಬ್ರಾಕೆಟ್ಟಿಗೆ ಸುತ್ತಿಗೆಯಿಂದ ಹಗುರಾಗಿ ಬಡಿದರೆ ಪಿನ್ ಬಿಡುತ್ತದೆ. ಪಿನ್ನಿನ ನೇರಕ್ಕೆ ಯಾರೂ ನಿಲ್ಲಬಾರದು. ಹಾಗೂ ಬಿಡದಿದ್ದರೆ ಬ್ರಾಕೆಟ್ಟಿಗೆ ಮಾತ್ರ ಕಾವು ಕೊಡಿ. ಪಾಟಾ ಕಾಯಿಸಿದರೆ ಅದರ ಹದವೇ ಹೋಗುತ್ತದೆ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪುಗಳ ಬಳಿ ಬೆಂಕಿಯೇ ಬೇಡ.

ಪಾಟಾ ಪೂರಾ ಇಳಿಸುವುದಾದರೆ ಅದನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಗ್ರೈಂಡರಿನಿಂದ ಕತ್ತರಿಸಬಹುದು, ಹೇಗೂ ಹೊಸದೇ ಹಾಕಬೇಕು. ಬ್ಲೇಡು ಪಾಟಾದ ಎಲೆಗೆ (ಪಟ್ಟಿಗೆ) ತಾಗಿ ಗೀರು ಬಿದ್ದರೆ ಮುಂದೆ ಅಲ್ಲೇ ಬಿರುಕು. ಎಲೆಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡು ಕಡೆ ಸಿ-ಕ್ಲಾಂಪ್ ಹಾಕಿ, ಎಲೆಗಳು ಸಿಡಿಯುತ್ತವೆ.

ಜಾಕ್‌ನ ದೊಡ್ಡ ಕೊರತೆ ಅದರ ಉದ್ದ. ಮಡಚಿದಾಗಲೂ ಸುಮಾರು 24 ಸೆಂ.ಮೀ. ಇರುತ್ತದೆ. ಪಿನ್ ಯಾವ ದಿಕ್ಕಿಗೆ ಹೊರಬರುತ್ತದೆ ನೋಡಿ, ಎದುರು ಬದಿಯಲ್ಲಿ ಜಾಕ್, ಪ್ಲೇಟು, ಸರಳು ಸೇರಿ ಹಿಡಿಯುವಷ್ಟು ಜಾಗ ಇದೆಯೇ ಎಂದು ಅಳೆದೇ ಖರೀದಿಸಿ.